ಬೆಳಕಿನ ತಂತಿ, ನಮ್ಮ ಕೈಯಲ್ಲಿ ಬೀಗದ ಕೈ



ಬಾಳೂರು ಮಲೆನಾಡಿನ ಊರು. ಸುತ್ತ ಗುಡ್ಡ, ಕಾಫಿ ತೋಟ, ದೊಡ್ಡ ದೊಡ್ಡ ಮರ. ಇಂಥ ಕಡೆ ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಸಿಕ್ಕರೆ ಅಡುಗೆಮನೆಯಲ್ಲಿ ಸಿಗುವುದಿಲ್ಲ. ಟವರಿನ ಅಲೆಗೆ ಗುಡ್ಡ ಅಡ್ಡ ಬರುತ್ತದೆ. ಫೈಬರ್ ತಂತಿಗೆ ಗುಡ್ಡದ ಅಡ್ಡಿ ಇಲ್ಲ. ಅದು ಗುಡ್ಡ ಬಳಸಿಕೊಂಡು ಮನೆಯೊಳಗೇ ಬರುತ್ತದೆ.

ಫೈಬರ್ ಅಂದರೆ ಏನು?

ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಇದರೊಳಗೆ ಕರೆಂಟ್ ಹರಿಯುವುದಿಲ್ಲ. ಬೆಳಕು ಹರಿಯುತ್ತದೆ. ಗಾಜಿನ ಎಳೆಯಲ್ಲಿ ಬೆಳಕನ್ನು ಬಹಳ ದೂರ ಕಳಿಸಬಹುದು ಎಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ ಹೇಳಿದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ನಮ್ಮ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಈಗಿನ ಹೆಸರು ಭಾರತ್‌ನೆಟ್.

ಎರಡು ಪೆಟ್ಟಿಗೆ, ಎರಡು ಕೆಲಸ

ತಂತಿ ಮೊದಲು ಸೇರುವ ಪೆಟ್ಟಿಗೆಗೆ ಒಎನ್‌ಟಿ ಅನ್ನುತ್ತಾರೆ. ಅದು ಬೆಳಕಾಗಿ ಬಂದದ್ದನ್ನು ಬದಲಿಸಿ ಮುಂದಕ್ಕೆ ಕೊಡುತ್ತದೆ. ಎರಡನೆಯದು ರೂಟರ್. ಅದು ಮನೆಯ ಎಲ್ಲ ಫೋನುಗಳಿಗೂ ಇಂಟರ್‌ನೆಟ್ ಹಂಚುತ್ತದೆ. ಊಟದ ಮನೆಯಲ್ಲಿ ಒಬ್ಬಳು ಪಾತ್ರೆ ತಂದು ಇಡ್ತಾಳೆ, ಇನ್ನೊಬ್ಬಳು ಎಲೆ ಎಲೆಗೂ ಬಡಿಸ್ತಾಳೆ. ಹಾಗೆಯೇ ಇದು.

ಕೆಲವು ಮನೆಗಳಲ್ಲಿ ಎರಡೂ ಕೆಲಸ ಒಂದೇ ಪೆಟ್ಟಿಗೆ ಮಾಡುತ್ತದೆ. ಅದರ ವೈ-ಫೈ ಒಳಮನೆಗೆ ಮುಟ್ಟದಿದ್ದರೆ ನಮ್ಮದೇ ರೂಟರ್ ಕೊಂಡು ಜೋಡಿಸಬಹುದು. ಒಎನ್‌ಟಿಯ ನಂಬರು ಕಂಪನಿಯ ಲೆಕ್ಕದಲ್ಲಿ ಇರುತ್ತದೆ. ಅವರನ್ನು ಕೇಳದೆ ಅದನ್ನು ಬದಲಿಸಬಾರದು.

"ಅಯ್ಯೋ, ಇದೆಲ್ಲ ಗಂಡಸರ ಕೆಲಸ" ಅಂತೀರಾ? ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುವುದು ಇದಕ್ಕಿಂತ ಕಷ್ಟ!

ಜೋಡಿಸೋಣ ಬನ್ನಿ

1. ಲೈನ್ ಕೊಟ್ಟವರನ್ನು ಮೊದಲೇ ಒಂದು ಮಾತು ಕೇಳಿ. "ನಮ್ಮ ಲೈನಿನ ಯೂಸರ್ ನೇಮ್, ಪಾಸ್‌ವರ್ಡ್ ಒಎನ್‌ಟಿಯಲ್ಲೇ ಹಾಕಿದ್ದೀರಾ? ಇಲ್ಲ ರೂಟರಿನಲ್ಲಿ ಹಾಕಬೇಕಾ?"

2. ರೂಟರಿನ ಹಿಂದೆ ಸಾಲಾಗಿ ಕಿಂಡಿಗಳಿವೆ. ಒಂದು ಕಿಂಡಿ ಬೇರೆಯಾಗಿರುತ್ತದೆ. ಅನೇಕ ರೂಟರುಗಳಲ್ಲಿ ಅದರ ಬಣ್ಣವೇ ಬೇರೆ. ಅದರ ಹೆಸರು ವ್ಯಾನ್. ಒಎನ್‌ಟಿಯಿಂದ ಬರುವ ವೈರನ್ನು ಅದಕ್ಕೇ ಹಾಕಿ.

3. ಎರಡಕ್ಕೂ ಸ್ವಿಚ್ ಹಾಕಿ. ದೀಪ ನಿಲ್ಲುವ ತನಕ ಕಾಯಿರಿ.

4. ರೂಟರಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ವೈ-ಫೈ ಹೆಸರು, ಪಾಸ್‌ವರ್ಡ್ ಇರುತ್ತದೆ. ಫೋನಿನಲ್ಲಿ ಆ ಹೆಸರು ಹುಡುಕಿ, ಪಾಸ್‌ವರ್ಡ್ ಹಾಕಿ.

5. ಅದೇ ಚೀಟಿಯಲ್ಲಿ 192.168.1.1 ಅಥವಾ ಅಂಥದೇ ಒಂದು ಅಂಕಿ ಇರುತ್ತದೆ. ಇದು ರೂಟರಿನ ಮನೆ ನಂಬರು ಇದ್ದಂತೆ. ಫೋನಿನ ಬ್ರೌಸರಿನಲ್ಲಿ ಇದನ್ನು ಬರೆದರೆ ರೂಟರಿನ ಬಾಗಿಲು ತೆರೆಯುತ್ತದೆ.

6. ಹೆಸರು, ಪಾಸ್‌ವರ್ಡ್ ರೂಟರಿನಲ್ಲಿ ಹಾಕಬೇಕು ಎಂದಿದ್ದರೆ ಪಿಪಿಪಿಒಇ ಆರಿಸಿ, ಎರಡನ್ನೂ ತುಂಬಿ. ಒಎನ್‌ಟಿಯಲ್ಲೇ ಇದ್ದರೆ ಡೈನಾಮಿಕ್ ಐಪಿ ಆರಿಸಿ. ಅಷ್ಟೇ.

ರೂಟರನ್ನು ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿ ಇಡಿ. ದಪ್ಪ ಮಣ್ಣಿನ ಗೋಡೆ, ಕಬ್ಬಿಣದ ಬೀರು ಇವುಗಳ ಹಿಂದೆ ಬೇಡ.

ಬೀಗದ ಕೈ ಯಾರ ಹತ್ತಿರ?

ಪಾಸ್‌ವರ್ಡ್ ಎರಡು ಇವೆ. ಒಂದು ವೈ-ಫೈ ಬಳಸಲು. ಇನ್ನೊಂದು ರೂಟರಿನ ಬಾಗಿಲು ತೆರೆಯಲು. ಹೊಸ ರೂಟರ್ ತಂದ ದಿನವೇ ಎರಡನ್ನೂ ಬದಲಿಸಬೇಕು. ಹೊಸ ಮನೆಗೆ ಹಳೇ ಬೀಗ ಯಾರಾದರೂ ಹಾಕ್ತಾರಾ?

ಹೊಸ ಪಾಸ್‌ವರ್ಡಿನಲ್ಲಿ ಎಂಟಕ್ಕಿಂತ ಹೆಚ್ಚು ಅಕ್ಷರ, ಅಂಕಿ ಇರಲಿ. ಮಗುವಿನ ಹೆಸರು, ಫೋನ್ ನಂಬರು ಬೇಡ. ಬೇರೆಯವರು ಸುಲಭವಾಗಿ ಊಹಿಸುತ್ತಾರೆ.

ಲೈನು ಯಾರ ಹೆಸರಿನಲ್ಲಿ ಇದೆಯೋ ಹೊಣೆ ಅವರದು. ನಮ್ಮ ವೈ-ಫೈ ಬಳಸಿ ಯಾರೋ ಮೋಸ ಮಾಡಿದರೆ ವಿಚಾರಣೆ ನಮ್ಮ ಮನೆ ಬಾಗಿಲಿಗೆ ಬರಬಹುದು. ಆದ್ದರಿಂದ ಪಾಸ್‌ವರ್ಡನ್ನು ನೀವೇ, ನಿಮ್ಮ ಕೈಯಾರೆ ಬರೆದಿಡಿ. ಇಂಗ್ಲಿಷ್ ಅಕ್ಷರ ಗೊತ್ತಾಗದಿದ್ದರೆ ಮಕ್ಕಳನ್ನು ಕೇಳಿ. ಆದರೆ ಬರೆಯುವ ಕೈ ನಿಮ್ಮದಾಗಿರಲಿ. ಆ ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ. ಮಕ್ಕಳು ಪರವೂರಿಗೆ ಹೋದರೂ ನಮ್ಮ ಕೆಲಸ ನಿಲ್ಲಬಾರದು.

ಮಳೆಗಾಲದ ಮಾತು

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದು ನಮಗೆ ನೆನಪಿದೆ. ಮಳೆಗೆ ಮರ ಬಿದ್ದರೂ ಫೈಬರ್ ತುಂಡಾಗುತ್ತದೆ. ಆಗ ಒಎನ್‌ಟಿಯಲ್ಲಿ ಕೆಂಪು ದೀಪ ಹತ್ತುತ್ತದೆ. ಅದು ಬೆಳಕು ಬರುತ್ತಿಲ್ಲ ಎನ್ನುವ ಗುರುತು. ರೂಟರನ್ನು ತಿರುಗಿಸಿ ಮುರುಗಿಸಿ ಫಲವಿಲ್ಲ. ದೂರು ಕೊಡಿ, ದೂರಿನ ನಂಬರು ಬರೆದುಕೊಳ್ಳಿ. ತಂತಿಯನ್ನು ಮಡಚಬೇಡಿ. ಅದರ ತುದಿಗೆ ಕಣ್ಣಿಟ್ಟು ನೋಡಬೇಡಿ. ಗುಡುಗು ಸಿಡಿಲು ಬಂದರೆ ಪ್ಲಗ್ ಕಿತ್ತಿಡಿ.

ನೆನಪಿಡಿ: ಓಟಿಪಿಯನ್ನು ಯಾರಿಗೂ ಹೇಳಬಾರದು. ಫೋನಿನಲ್ಲಿ ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಓದಿ, ಬರೆಯಿರಿ

1. ಫೈಬರ್ ತಂತಿಯಲ್ಲಿ ಏನು ಹರಿಯುತ್ತದೆ?
2. ಒಎನ್‌ಟಿಯ ವೈರನ್ನು ರೂಟರಿನ ಯಾವ ಕಿಂಡಿಗೆ ಹಾಕಬೇಕು?
3. ಕೆಂಪು ದೀಪ ಹತ್ತಿದರೆ ಏನು ಮಾಡುತ್ತೀರಿ?
4. ನಿಮ್ಮ ಮನೆಯ ಲೈನು ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರಿಗೆ ಗೊತ್ತು? ಇವತ್ತೇ ಕೇಳಿ ತಿಳಿಯಿರಿ.