ಮನೆಮಾತು ಕನ್ನಡ, ಕಚೇರಿ ಮರಾಠಿ: ಜತ್ತದ ಹೆತ್ತವರಿಗೆ ಕಾನೂನು ಕೊಟ್ಟಿರುವುದೇನು?

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ, ಮುಚಂಡಿ, ಗುಡ್ಡಾಪುರ ಕಡೆಯ ಬಹಳಷ್ಟು ಮನೆಗಳಲ್ಲಿ ಮಗುವಿನ ಕಿವಿಗೆ ಮೊದಲು ಬೀಳುವುದು ಕನ್ನಡ. ತಲಾಠಿ ಕಚೇರಿ, ಪಂಚಾಯತ ಸಮಿತಿ, ದವಾಖಾನೆಯ ಚೀಟಿ ಎಲ್ಲ ಮರಾಠಿ. ಕೆಲವರ ಮನೆಯಲ್ಲಿ ಉರ್ದು ಅಥವಾ ಲಂಬಾಣಿಯೂ ಸೇರುತ್ತದೆ. ಮಾತಿನ ಮಟ್ಟಿಗೆ ಇದು ಯಾರಿಗೂ ಭಾರವಲ್ಲ, ಸಂತೆಯಲ್ಲಿ ಹುಡುಗರು ಎರಡೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. ತೊಡಕು ಶುರುವಾಗುವುದು ಕಾಗದಪತ್ರ ಮುಂದೆ ಬಂದಾಗ.

ಜತ್ತ ಯಾವ ರಾಜ್ಯದ್ದೆಂಬ ಜಗಳಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ಗಡಿ ವಿವಾದದ ಮಹಾಜನ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ತೀರ್ಪು ಬಂದಾಗ ಬರಲಿ, ಈ ಜೂನ್‌ನಲ್ಲಿ ಒಂದನೇ ತರಗತಿಗೆ ಹೋಗಬೇಕಾದ ಮಗು ಅಲ್ಲಿಯವರೆಗೆ ಕಾಯಲಾಗದು. ಕೆಳಗಿನ ಹಕ್ಕುಗಳು ಮಹಾರಾಷ್ಟ್ರದ ನಾಗರಿಕರಾಗಿಯೇ ನಿಮಗೆ ಇಂದು ಇರುವಂಥವು.

ಮೊದಲು ಶಾಲೆಯ ವಿಷಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ ಸಂವಿಧಾನದ 350-ಎ ವಿಧಿ. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ್ದು ಇದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮೂ ಕಲಿಕೆಯ ಮಾಧ್ಯಮ ಸಾಧ್ಯವಾದಷ್ಟು ಮಗುವಿನ ತಾಯ್ನುಡಿಯೇ ಆಗಿರಬೇಕು ಎನ್ನುತ್ತದೆ. ‘ಪ್ರಯತ್ನ’, ‘ಸಾಧ್ಯವಾದಷ್ಟು’ ಎಂಬ ಮಾತುಗಳನ್ನು ಗಮನಿಸಿ. ಸರ್ಕಾರ ನುಣುಚಿಕೊಳ್ಳಲು ಬೇಕಾದಷ್ಟು ಸಂದು ಅಲ್ಲಿಯೇ ಇದೆ. ಹಾಗಾಗಿ ಕಾನೂನಿನ ಸಾಲನ್ನು ಓದಿ ಹೇಳಿದರೆ ಸಾಲದು, ಅದರ ಹಿಂದಿರುವ ಲೆಕ್ಕವೂ ಗೊತ್ತಿರಬೇಕು.

ಲೆಕ್ಕ ಹಳೆಯದು. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಒಂದು ಭಾಷೆಯವರಿದ್ದರೆ ಆ ಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ್ದು 1949ರಲ್ಲಿ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳ ಪಟ್ಟಿಯಲ್ಲಿ ಈ ಸೂತ್ರ ಇಂದಿಗೂ ಇದೆ. ಶಾಲೆ ಶುರುವಾಗುವ ಮೂರು ತಿಂಗಳ ಮೊದಲೇ ಇಂಥ ಮಕ್ಕಳ ಹೆಸರು ಬರೆದುಕೊಳ್ಳುವ ಮುಂಗಡ ನೋಂದಣಿ ಪುಸ್ತಕ ಇಡಬೇಕು ಎಂಬುದೂ ಅದರ ಭಾಗವೇ. ಇವು ಆಡಳಿತದ ಒಪ್ಪಂದಗಳು, ಕಾಯ್ದೆಯಷ್ಟು ಗಟ್ಟಿಯಲ್ಲ. ಆದರೆ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ‘ಕನ್ನಡ ಕೇಳುವವರೇ ಇಲ್ಲ’ ಎಂದು ಕಚೇರಿ ಬರೆದುಬಿಡುತ್ತದೆ. ಕನ್ನಡ ಶಾಲೆಗಳು ಸದ್ದಿಲ್ಲದೆ ಸೊರಗುವುದು ಹೀಗೆ ಎಂದು ನನಗನ್ನಿಸುತ್ತದೆ. ವೇದಿಕೆಯ ಮೇಲಿನ ಭಾಷಣ ಎಣಿಕೆಗೆ ಬರುವುದಿಲ್ಲ.

ಮಾರ್ಚ್‌ನಲ್ಲೇ ಒಂದು ಅರ್ಜಿ ಕೊಡಿ. ದೊಡ್ಡದೇನೂ ಬೇಡ: ‘ನಮ್ಮ ಮನೆಮಾತು ಕನ್ನಡ. ನನ್ನ ಮಗಳಿಗೆ ಈ ಜೂನ್‌ಗೆ ಆರು ವರ್ಷ ತುಂಬುತ್ತದೆ. ಕನ್ನಡ ಮಾಧ್ಯಮದಲ್ಲಿ ಒಂದನೇ ತರಗತಿಗೆ ಹೆಸರು ನೋಂದಾಯಿಸಿಕೊಳ್ಳಬೇಕು.’ ಒಂದು ಪ್ರತಿ ಜಿಲ್ಲಾ ಪರಿಷತ್ ಶಾಲೆಯ ಮುಖ್ಯಾಧ್ಯಾಪಕರಿಗೆ, ಇನ್ನೊಂದು ಪಂಚಾಯತ ಸಮಿತಿಯ ಗಟಶಿಕ್ಷಣಾಧಿಕಾರಿಗೆ. ಮೂರನೆಯದರ ಮೇಲೆ ತಾರೀಖು, ಸಹಿ, ಶಿಕ್ಕಾ ಹಾಕಿಸಿಕೊಂಡು ಮನೆಗೆ ತನ್ನಿ. ಇಲ್ಲಿಯ ಕಚೇರಿ ಮಾತಿನಲ್ಲಿ ಅದು ‘ಪೋಚ್’. ಪೋಚ್ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಓಣಿಯ ಹತ್ತು ಮನೆಯವರು ಒಟ್ಟಿಗೆ ಕೊಟ್ಟರೆ ಆ 10ರ ಲೆಕ್ಕ ಅಲ್ಲೇ ಮುಗಿಯಿತು.

2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಕಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥದ್ದು ನಡೆದರೆ ದಾರಿ ಶಾಲಾ ವ್ಯವಸ್ಥಾಪನ ಸಮಿತಿಯದು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಭೆಯಲ್ಲಿ ಠರಾವು ಮಾಡಿ ಶಿಕ್ಷಣಾಧಿಕಾರಿಗೆ ಕಳಿಸಿ. ಅದೇ ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಬರೆದ ದೂರು ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಅಲ್ಲೂ ಆಗದಿದ್ದರೆ ಮುಂಬೈಯಲ್ಲಿರುವ ರಾಜ್ಯ ಮಕ್ಕಳ ಹಕ್ಕು ಆಯೋಗ. ಭಾಷೆಯ ಅನ್ಯಾಯವನ್ನೇ ಹೇಳಬೇಕಾದರೆ 350-ಬಿ ವಿಧಿಯಡಿ 1957ರಿಂದ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಿರಿ.

ಕನ್ನಡ ಶಾಲೆಯಲ್ಲಿ ಮರಾಠಿ ಒಂದು ವಿಷಯವಾಗಿ ಇರಬಾರದೆಂದು ವಾದಿಸಿ ಹೊತ್ತು ಕಳೆಯಬೇಡಿ. ಅಲ್ಪಸಂಖ್ಯಾತ ಶಾಲೆಗಳಲ್ಲೂ ರಾಜ್ಯ ಮರಾಠಿ ಕಲಿಸಬಹುದೆಂದು ಉಷಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ, 2020ರ ರಾಜ್ಯ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅದು ಮಗುವಿಗೆ ಲಾಭವೇ. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿಯೇ ಅಚ್ಚು ಹಾಕುತ್ತದೆ.

ಕಬ್ಬು ಕಡಿಯಲು ಹೋಗುವ ಮನೆಗಳ ಪಾಡು ಬೇರೆ. ಗಾಡಿ ಊರು ಬಿಡುವಾಗ ಮಗುವೂ ಅದರಲ್ಲೇ. ಮಗುವನ್ನು ಊರಲ್ಲೇ ಬಿಟ್ಟು ಹೋಗಬಹುದಾದರೆ ಸಮಗ್ರ ಶಿಕ್ಷಣದ ಹಂಗಾಮಿ ವಸತಿಗೃಹದ ಬಗ್ಗೆ ಮುಖ್ಯಾಧ್ಯಾಪಕರನ್ನು ದೀಪಾವಳಿಗೆ ಮೊದಲೇ ಕೇಳಿ. ಜತೆಗೇ ಕರೆದೊಯ್ದರೆ ಶಿಕ್ಷಣ ಹಮಿ ಪತ್ರಕ ಇಸಿದುಕೊಳ್ಳಿ, ಕಾರ್ಖಾನೆಯ ಹತ್ತಿರದ ಶಾಲೆಯಲ್ಲಿ ಅದನ್ನು ತೋರಿಸಿದರೆ ಮಗು ಕೂತು ಕಲಿಯಬಹುದು. ಕರ್ನಾಟಕದ ಶಾಲೆಗೇ ಸೇರಿಸುವುದಾದರೂ ಅಡ್ಡಿಯಿಲ್ಲ. ರಾಜ್ಯದ ಹೊರಗಿನ ಶಾಲೆಗೆ ಹೋಗುವುದಾದರೂ ಹಳೆಯ ಶಾಲೆ ದಾಖಲಾ (ವರ್ಗಾವಣೆ ಪತ್ರ) ಕೂಡಲೇ ಕೊಡಬೇಕು, ದಾಖಲಾ ತಡವಾಯಿತೆಂದು ಆ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು. ರೇಷನ್ ಕಾರ್ಡೂ ಹೋದಲ್ಲಿ ನಡೆಯುತ್ತದೆ.

ಅಂಗನವಾಡಿಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ಮೂರು ವರ್ಷವಾದರೂ ಕೂಸು ಮಾತಾಡುತ್ತಿಲ್ಲ, ಮನೆಯಲ್ಲಿ ಎರಡು ಭಾಷೆ ಇದೆಯಲ್ಲ, ಅದಕ್ಕೇ ಇರಬೇಕು. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿನ ಮಾತು ನಿಲ್ಲುವುದಿಲ್ಲ. ಕಿವಿ ಕೇಳದಿರಬಹುದು, ಬೇರೇನೋ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಆ ದಿನ ತಾಯಿ ಅಥವಾ ಅಜ್ಜಿ ಅಲ್ಲೇ ಇರಲಿ. ‘ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಕನ್ನಡದಲ್ಲೇ ಕೇಳಿ ನೋಡ್ರಿ’ ಎಂದು ಹೇಳಿ. ‘ಪಾಣೀ ಕುಠೆ ಆಹೇ’ ಎಂದಾಗ ತೆಪ್ಪಗಿದ್ದ ಕೂಸು ‘ನೀರು ಎಲ್ಲೈತಿ’ ಎಂದರೆ ಬೆರಳು ತೋರಿಸಬಹುದು. ಎರಡಕ್ಕೂ ತಿರುಗಿ ನೋಡದಿದ್ದರೆ ಕಿವಿಯ ತಪಾಸಣೆಗೆ ಚೀಟಿ ಬರೆಸಿಕೊಳ್ಳಿ. ಈ ಕಾರ್ಯಕ್ರಮದಡಿ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ.

ಜನನ ದಾಖಲೆ ಇಲ್ಲಿ ತಲೆಬೇನೆಯಾಗಲು ಕಾರಣವಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ, ತವರು ಎಷ್ಟೋ ಜನರಿಗೆ ವಿಜಯಪುರ ಜಿಲ್ಲೆಯಲ್ಲಿ. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ, ಅದೂ 21 ದಿನದೊಳಗೆ. ಅಲ್ಲಿಯ ಪ್ರಮಾಣಪತ್ರ ಇಲ್ಲೂ ನಡೆಯುತ್ತದೆ, ಇನ್ನೊಂದು ಮಾಡಿಸುವ ಗೋಜು ಬೇಡ. ಹೆಸರಿನ ಅಕ್ಷರ ಮಾತ್ರ ಆಧಾರ್, ಶಾಲೆ, ರೇಷನ್ ಕಾರ್ಡಿನಲ್ಲಿ ಒಂದೇ ಇರಲಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಆಧಾರ್ ಮಾಡಿಸಲು ಹುಟ್ಟಿದ ತಾರೀಖಿಗೆ ಈ ಪ್ರಮಾಣಪತ್ರವೇ ಪುರಾವೆ. ಹಾಗೆಂದು ಅದಿಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ಅದನ್ನು ತಡೆಯುತ್ತದೆ.

ಅರ್ಜಿ ಕನ್ನಡದಲ್ಲೇ ಬರೆಯಬಹುದೇ? ಕುಂದುಕೊರತೆಯ ಮನವಿಯಾದರೆ ಬರೆಯಬಹುದು, 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಗಲ್ಲ. ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ, ಅಂದರೆ ಇಲ್ಲಿ ಮರಾಠಿಯಲ್ಲಿ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಮನವಿ ಕನ್ನಡದಲ್ಲಿದ್ದರೂ ಕೆಳಗೆ ನಾಲ್ಕು ಸಾಲು ಮರಾಠಿ ಸೇರಿಸುವುದು ಜಾಣತನ, ಗುಮಾಸ್ತನ ಮೇಜಿನಿಂದ ಅದು ಬೇಗ ಏಳುತ್ತದೆ. ತಾಲ್ಲೂಕಿನ ಪೂರ್ವಭಾಗದವರಿಗೆ ಸಂಖದಲ್ಲೇ ಅಪರ ತಹಶೀಲ್ದಾರ ಕಚೇರಿ ಇರುವುದರಿಂದ ಎಲ್ಲದಕ್ಕೂ ಜತ್ತಕ್ಕೆ ಬಸ್ಸು ಹತ್ತಬೇಕಿಲ್ಲ.

ತಂದೆ ತೀರಿಕೊಂಡು ತಾಯಿಯೊಬ್ಬಳೇ ಸಾಕುತ್ತಿರುವ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಹಳ್ಳಿಯಲ್ಲಿ ಮನೆಯ ವರ್ಷದ ವರಮಾನ 72,000 ಮೀರಿರಬಾರದು. ಅರ್ಜಿ ಸಾಂಗ್ಲಿಯ ಜಿಲ್ಲಾ ಬಾಲ ಸಂರಕ್ಷಣಾ ಘಟಕಕ್ಕೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತ್ರ ಭಾಷೆಯ ವಿಷಯದಲ್ಲಿ ಒಂದಿಷ್ಟೂ ರಾಜಿ ಬೇಡ. ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ದುಭಾಷಿಯನ್ನು ಒದಗಿಸಲೇಬೇಕು ಎನ್ನುತ್ತದೆ ಪೋಕ್ಸೋ ಕಾಯ್ದೆಯ 19ನೇ ಕಲಮು. ಮಗು ಕನ್ನಡದಲ್ಲಿ ಹೇಳಿದ್ದು ಮರಾಠಿ ಕಾಗದದಲ್ಲಿ ಬೇರೇನೋ ಆಗಿಬಿಟ್ಟರೆ ಮುಂದೆ ಕೋರ್ಟಿನಲ್ಲಿ ಆರೋಪಿಯ ವಕೀಲರಿಗೆ ಅದೇ ಹಿಡಿಕೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098. ವಕೀಲರು ಬೇಕಾದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ವಿಧಿ ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ವಕೀಲರ ನೆರವು ಉಚಿತ.