ಸ್ನಾಯುದೌರ್ಬಲ್ಯದ ನಾನಾರ್ಥಗಳು

ಮಾನವಶರೀರದಲ್ಲಿ ಎಲುಬು, ಸ್ನಾಯು, ಚರ್ಮ, ರಕ್ತನಾಳಗಳನ್ನು ಪರಸ್ಪರ ಬಂಧಿಸಿ ಅವುಗಳಿಗೆ ಆಧಾರವಾಗಿರುವ ಅಂಗಾಂಶಕ್ಕೆ ಸಂಯೋಜಕ ಅಂಗಾಂಶವೆಂದು ಹೆಸರು. ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡಬೇಕಾದ ರಕ್ಷಣಾಶಕ್ತಿಯು ಸ್ವಪರವಿವೇಕವನ್ನು ಕಳೆದುಕೊಂಡು ತನ್ನ ಶರೀರವನ್ನೇ ಶತ್ರುವೆಂದು ಬಗೆದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಲೂಪಸ್, ಸ್ಕ್ಲೀರೋಡರ್ಮಾ ಮೊದಲಾದವು ಈ ಬಗೆಯ ವ್ಯಾಧಿಗಳು. ಇವು ಒಂದೊಂದು ಅಂಗದ ರೋಗಗಳಲ್ಲ, ಸಂಯೋಜಕ ಅಂಗಾಂಶದ ಸಮಗ್ರ ವ್ಯವಸ್ಥೆಗೇ ತಗುಲಿದ ರೋಗಗಳು ಎಂಬ ವಿಚಾರವನ್ನು ನ್ಯೂಯಾರ್ಕಿನ ಪಾಲ್ ಕ್ಲೆಂಪರರ್ ಮತ್ತು ಅವರ ಸಹೋದ್ಯೋಗಿಗಳು 1942ರಲ್ಲಿ ಮಂಡಿಸಿದರು.

ಕೀಲುನೋವು, ಚರ್ಮದ ಮೇಲಿನ ಕಲೆ ಇವುಗಳ ಪ್ರಸಿದ್ಧ ಲಕ್ಷಣಗಳು. ಆದರೆ ಸ್ನಾಯುಗಳಿಗೆ ಒದಗುವ ಬಾಧೆ ಅಷ್ಟು ಸುಲಭವಾಗಿ ಗೋಚರಿಸುವುದಿಲ್ಲ. ಗೋಚರಿಸಿದರೂ ಅದರ ಅರ್ಥ ಒಂದೇ ಆಗಿರುವುದಿಲ್ಲ. ಶಾಸ್ತ್ರಕಾರರು ನಾನಾರ್ಥಪದಕ್ಕೆ ‘ಸೈಂಧವ’ವನ್ನು ಉದಾಹರಿಸುತ್ತಾರೆ. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪೆಂದೂ, ಪ್ರಯಾಣಕ್ಕೆ ಸಿದ್ಧನಾದವನು ತರಹೇಳಿದರೆ ಕುದುರೆಯೆಂದೂ ತಿಳಿಯಬೇಕು. ಅರ್ಥವನ್ನು ನಿರ್ಣಯಿಸುವುದು ಪ್ರಕರಣ. ಸ್ನಾಯುದೌರ್ಬಲ್ಯವೂ ಇಂಥದೇ ಒಂದು ಪದ. ಇಲ್ಲಿ ಅರ್ಥ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಇದರ ಮೊದಲನೆಯ ಅರ್ಥ ಉರಿಯೂತ. 1863ರಲ್ಲಿ ಜರ್ಮನಿಯ ಅರ್ನ್ಸ್ಟ್ ವ್ಯಾಗ್ನರ್ ಇಂಥ ಸ್ನಾಯುರೋಗವನ್ನು ವರ್ಣಿಸಿದನು. ಚರ್ಮವೂ ಸ್ನಾಯುವೂ ಕೂಡಿ ಬಾಧೆಗೊಳ್ಳುವ ಪ್ರಭೇದಕ್ಕೆ ಹೈನ್ರಿಚ್ ಉನ್‌ವೆರಿಖ್ಟ್ 1891ರಲ್ಲಿ ಡರ್ಮಟೋಮಯೋಸೈಟಿಸ್ ಎಂದು ಹೆಸರಿಟ್ಟನು. ಇದರಲ್ಲಿ ಬಲ ಕುಂದುವುದು ಮುಖ್ಯವಾಗಿ ತೊಡೆ ಮತ್ತು ಭುಜಗಳಲ್ಲಿ. ರೋಗಿಯು ಬೆರಳಿನಿಂದ ಲೇಖನಿಯನ್ನು ಹಿಡಿಯಬಲ್ಲನು. ಆದರೆ ಕುಕ್ಕರಗಾಲಿನಿಂದ ಏಳಲಾರನು, ತಲೆ ಬಾಚಲು ಕೈಯೆತ್ತಲಾರನು. ಕಣ್ಣರೆಪ್ಪೆಯ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಕಾಣಿಸುತ್ತವೆ. ಗಂಟಲಿನ ಸ್ನಾಯು ದುರ್ಬಲವಾದರೆ ನುಂಗುವುದೂ ಕಷ್ಟ. ವಯಸ್ಕರಲ್ಲಿ ಕೆಲವೊಮ್ಮೆ ಇದರ ಹಿಂದೆ ಕ್ಯಾನ್ಸರ್ ಅಡಗಿರುವುದರಿಂದ ಅದನ್ನೂ ಶೋಧಿಸಬೇಕಾಗುತ್ತದೆ.

ಎರಡನೆಯ ಅರ್ಥ ಔಷಧ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಆಶ್ಚರ್ಯಕರವಾದ ಗುಣವನ್ನು ಕಂಡನು. ಈ ಸ್ಟೀರಾಯ್ಡ್ ಹಾರ್ಮೋನುಗಳ ಸಂಶೋಧನೆಗಾಗಿ 1950ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಸ್ಟೀರಾಯ್ಡ್ ಈ ರೋಗಗಳಿಗೆ ಸಂಜೀವಿನಿಯಾಯಿತು. ಆದರೆ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇವಿಸಿದಾಗ ಅದೇ ಔಷಧವು ಸ್ನಾಯುವನ್ನು ಸವೆಸುತ್ತದೆ. ಅದೂ ಅದೇ ತೊಡೆ, ಅದೇ ಭುಜ. ಉರಿಯೂತದಲ್ಲಿ ಸ್ನಾಯುವಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವು ಸಾಮಾನ್ಯವಾಗಿ ರಕ್ತದಲ್ಲಿ ಏರುತ್ತದೆ. ಔಷಧಜನ್ಯ ದೌರ್ಬಲ್ಯದಲ್ಲಿ ಅದು ಬಹುಮಟ್ಟಿಗೆ ಸಹಜಸ್ಥಿತಿಯಲ್ಲಿಯೇ ಇರುತ್ತದೆ. ಔಷಧದ ದೋಷವನ್ನು ರೋಗವೆಂದು ತಿಳಿದು ಪ್ರಮಾಣವನ್ನು ಏರಿಸಿದರೆ ದೌರ್ಬಲ್ಯ ಹೆಚ್ಚುತ್ತದೆ. ರೋಗವನ್ನು ಔಷಧದ ದೋಷವೆಂದು ತಿಳಿದು ಇಳಿಸಿದರೆ ರೋಗ ಕೆರಳುತ್ತದೆ. ರೋಗಿಯು ತಾನಾಗಿಯೇ ಔಷಧವನ್ನು ಥಟ್ಟನೆ ನಿಲ್ಲಿಸುವುದಂತೂ ಅತ್ಯಂತ ಅಪಾಯಕರ.

ಮೂರನೆಯ ಅರ್ಥವು ಸೈಂಧವದಂತೆ ನಿಜವಾಗಿಯೂ ಲವಣವೇ. 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ವಿವರಿಸಿದ ರೋಗದಲ್ಲಿ ಕಣ್ಣೂ ಬಾಯಿಯೂ ಒಣಗುತ್ತವೆ. ಕೆಲವರಲ್ಲಿ ಮೂತ್ರಪಿಂಡದ ಸೂಕ್ಷ್ಮನಾಳಗಳೂ ಕೆಡುತ್ತವೆ. ಆಗ ರಕ್ತದ ಆಮ್ಲವು ಹೊರಹೋಗದೆ ಉಳಿಯುತ್ತದೆ. ಪೊಟ್ಯಾಸಿಯಂ ಮಾತ್ರ ಮೂತ್ರದಲ್ಲಿ ಸೋರಿಹೋಗುತ್ತದೆ. ಅದು ತೀರ ಕುಸಿದಾಗ, ರಾತ್ರಿ ನಡೆದು ಹಾಸಿಗೆ ಸೇರಿದವರು ಬೆಳಗ್ಗೆ ಕೈಕಾಲುಗಳನ್ನು ಅಲುಗಿಸಲಾರದೆ ಬಿದ್ದಿರಬಹುದು. ಪ್ರಜ್ಞೆ ಇರುತ್ತದೆ, ಸ್ಪರ್ಶ ತಿಳಿಯುತ್ತದೆ, ಚಲನೆ ಮಾತ್ರ ಇಲ್ಲ. ಹೃದಯದ ಬಡಿತ ತಪ್ಪಿದರೆ, ಉಸಿರಾಟದ ಸ್ನಾಯುಗಳು ಸೋತರೆ ಪ್ರಾಣಾಪಾಯ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿ ಪೊಟ್ಯಾಸಿಯಂ ಒದಗಿಸಿದರೆ ಅದೇ ವ್ಯಕ್ತಿ ಮತ್ತೆ ಎದ್ದು ನಡೆಯಬಲ್ಲನು. ಕೆಲವರಲ್ಲಿ ಮೂಲರೋಗದ ಮೊದಲ ಸುಳಿವೇ ಇದಾಗಿರುತ್ತದೆ.

ಇವಲ್ಲದೆ ಸ್ಕ್ಲೀರೋಡರ್ಮಾದಲ್ಲಿ ಹೃದಯದ ಸ್ನಾಯುವೂ ಪೀಡಿತವಾಗಬಹುದು. ಲೂಪಸ್ ರೋಗಿಗಳಲ್ಲಿ ವಿರಳವಾಗಿ ವಪೆಯು ಮೇಲೇರಿ ಶ್ವಾಸಕೋಶಗಳು ಕುಗ್ಗಿದಂತೆ ಕಾಣುವುದನ್ನು 1965ರಲ್ಲಿ ಗುರುತಿಸಲಾಯಿತು.

ಅರ್ಥನಿರ್ಣಯಕ್ಕೆ ವೈದ್ಯರ ಬಳಿ ಸಾಧನಗಳಿವೆ: ಕಿಣ್ವ ಮತ್ತು ಲವಣಗಳ ಪರೀಕ್ಷೆ, ಸ್ನಾಯುವಿನ ವಿದ್ಯುತ್ ಪರೀಕ್ಷೆ, ಎಂ.ಆರ್.ಐ. ಚಿತ್ರ, ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ. ಉರಿಯೂತವನ್ನು ಗುರುತಿಸಲು ಬೋಹನ್ ಮತ್ತು ಪೀಟರ್ 1975ರಲ್ಲಿ ರಚಿಸಿದ ಸೂತ್ರಗಳು ದೀರ್ಘಕಾಲ ಪ್ರಮಾಣವಾಗಿದ್ದವು. 2017ರಲ್ಲಿ ಯುರೋಪು ಮತ್ತು ಅಮೆರಿಕದ ತಜ್ಞಸಂಘಗಳು ಹೊಸ ಮಾನದಂಡಗಳನ್ನು ಪ್ರಕಟಿಸಿದವು.

ಆದರೆ ವೈದ್ಯರ ಬಳಿಗೆ ಹೋಗುವ ಮುನ್ನವೇ ಒಂದು ಅರ್ಥನಿರ್ಣಯ ನಡೆದಿರುತ್ತದೆ. ಡರ್ಮಟೋಮಯೋಸೈಟಿಸ್ ಮಕ್ಕಳಿಗೂ ಬರುವ ರೋಗ. ನಿನ್ನೆಯವರೆಗೆ ಓಡಾಡುತ್ತಿದ್ದ ಬಾಲಕನು ಬೆಂಚನ್ನು ಹಿಡಿದು ಏಳುತ್ತಾನೆ, ಮೆಟ್ಟಿಲಲ್ಲಿ ಹಿಂದುಳಿಯುತ್ತಾನೆ, ಕವಾಯತಿನಲ್ಲಿ ಕೈಯೆತ್ತುವುದಿಲ್ಲ. ನೋಡಿದವರು ಅದಕ್ಕೆ ಸೋಮಾರಿತನವೆಂದು ಅರ್ಥ ಹೇಳಿಬಿಡುತ್ತಾರೆ. ಹಾಗೆ ಕಳೆದ ತಿಂಗಳುಗಳಲ್ಲಿ ಉರಿಯೂತವು ಸ್ನಾಯುವನ್ನು ತಿನ್ನುತ್ತಲೇ ಇರುತ್ತದೆ. ಬೇಗ ಚಿಕಿತ್ಸೆ ದೊರೆತವನಿಗೆ ಬಲ ಮರಳುವ ಭರವಸೆ ಹೆಚ್ಚು. ಪ್ರಕರಣವನ್ನರಿಯದೆ ಪದಕ್ಕೆ ಅರ್ಥ ಹೇಳಬಾರದೆಂಬುದು ವ್ಯಾಖ್ಯಾನಕಾರನಿಗೆ ವಿಧಿಸಿದ ನಿಯಮ. ಮಗುವನ್ನು ದಂಡಿಸಲು ಎದ್ದ ಕೈಗೂ ಅದೇ ನಿಯಮ ಸಲ್ಲುತ್ತದೆ.