ಚಿಂತೆಗೂ ಒಂದು ಹೊತ್ತಿರಲಿ: ನೆಮ್ಮದಿಗೆ ಏಳು ಸೂತ್ರಗಳು

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ, ನಿಮಗೆ ಮಾತ್ರ ನಿದ್ದೆಯಿಲ್ಲ. ಮಗನ ಶಾಲೆ ಫೀಸು, ತಿಂಗಳ ಇಎಂಐ, ಅಮ್ಮನ ಮಂಡಿನೋವು ಒಂದರ ಹಿಂದೊಂದು ಬಂದು ಕೂರುತ್ತವೆ. ಬೆಳಿಗ್ಗೆ ತಲೆಭಾರ, ಮಕ್ಕಳ ಮೇಲೆ ಸಿಡುಕು, ಕೆಲಸದಲ್ಲಿ ತಪ್ಪು. ಚಿಂತೆಯಿಲ್ಲದ ಸಂಸಾರವಿಲ್ಲ, ನಿಜ. ಆದರೆ ಅದಕ್ಕೆ ಮೂಗುದಾರ ಹಾಕಬಹುದು.

1. ಕಾಗದಕ್ಕಿಳಿಸಿ. ಗೆಳೆಯನೊಬ್ಬ ‘ಸಾಲ ಕುತ್ತಿಗೆಗೆ ಬಂದಿದೆ’ ಎಂದು ಕೊರಗುತ್ತಿದ್ದ. ಒಂದು ಸಂಜೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಇಬ್ಬರೂ ಲೆಕ್ಕ ಬರೆದೆವು: ಸೊಸೈಟಿಗೆ ಇಷ್ಟು, ಚೀಟಿಗೆ ಇಷ್ಟು, ಅಂಗಡಿ ಬಾಕಿ ಇಷ್ಟು. ಸಾಲ ಒಂದು ರೂಪಾಯಿಯೂ ಇಳಿಯಲಿಲ್ಲ. ಮೊದಲು ಯಾವುದನ್ನು ತೀರಿಸಬೇಕೆಂದು ಮಾತ್ರ ಗೊತ್ತಾಯಿತು. ಅಂದು ರಾತ್ರಿ ಅವನು ನಿದ್ದೆ ಮಾಡಿದ.

2. ನಾಳಿನ ಕೆಲಸ ಬರೆದು ಮಲಗಿ. 2018ರಲ್ಲಿ ಪ್ರಕಟವಾದ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 57 ಯುವಜನರಿದ್ದರು. ಮಲಗುವ ಮುನ್ನ 5 ನಿಮಿಷ ಮುಂದಿನ ಕೆಲಸಗಳ ಪಟ್ಟಿ ಮಾಡಿದವರಿಗೆ, ಮುಗಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು.

3. ಚಿಂತೆಗೆ ಹೊತ್ತು ಗೊತ್ತುಮಾಡಿ. ಸಂಜೆ ಅರ್ಧ ಗಂಟೆ, ದಿನವೂ ಅದೇ ಜಾಗ. ಹಾಸಿಗೆ ಮಾತ್ರ ಬೇಡ. 1980ರ ದಶಕದಿಂದಲೂ ಮನಶ್ಶಾಸ್ತ್ರಜ್ಞರು ಹೇಳುತ್ತಿರುವ ಉಪಾಯವಿದು. ನಡುವೆ ಚಿಂತೆ ತಲೆಹಾಕಿದರೆ ‘ಆರು ಗಂಟೆಗೆ ಬಾ’ ಎನ್ನಿ. ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ.

4. ಕೈಲಾಗುವುದನ್ನು ಬೇರ್ಪಡಿಸಿ. ಮಳೆ ನಮ್ಮ ಕೈಯಲ್ಲಿಲ್ಲ. ಬದು ಹಾಕುವುದು, ಬೆಳೆ ವಿಮೆ ಕಟ್ಟುವುದು ಇದೆ. ಮಗಳ ಅಂಕ ನಮ್ಮ ಕೈಯಲ್ಲಿಲ್ಲ. ಅವಳು ಓದುವಾಗ ಟಿವಿ ಆರಿಸುವುದು ಇದೆ.

5. ಮಾಡಿದ್ದನ್ನು ಬಾಯಿಬಿಟ್ಟು ಹೇಳಿ. ‘ಗ್ಯಾಸ್ ಆಫ್ ಮಾಡಿದೆನಾ?’ ಬಸ್ಸು ಹತ್ತಿದ ಮೇಲೆ ಕಾಡುವ ಪ್ರಶ್ನೆ. ಒಲೆಯ ನಾಬ್ ತಿರುಗಿಸುವಾಗಲೇ ‘ಆಫ್ ಮಾಡಿದೆ’ ಎಂದು ಗಟ್ಟಿಯಾಗಿ ಹೇಳಿ. ಆ ದನಿ ನೆನಪಿನಲ್ಲುಳಿಯುತ್ತದೆ.

6. ಸಂಜೆಯ ಕಾಫಿ ಬಿಡಿ. ಒಳಹೊಕ್ಕ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಆರಕ್ಕೆ ಕುಡಿದ ಕಾಫಿ ಹನ್ನೊಂದಕ್ಕೂ ಎಚ್ಚರವಿಡುತ್ತದೆ. ಅದರ ಬದಲು ಒಂದು ಸುತ್ತು ನಡೆದು ಬನ್ನಿ.

7. ಒಬ್ಬರಿಗಾದರೂ ಹೇಳಿಕೊಳ್ಳಿ. ಅಕ್ಕನಿಗೋ, ಗೆಳೆಯನಿಗೋ, ಪಕ್ಕದ ಮನೆಯವರಿಗೋ. ಯಾರೂ ಇಲ್ಲವೆನಿಸಿದರೆ, ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟಿದ್ದರೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆಯಿದು. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಡಾಕ್ಟರ ಬಳಿ ಹೋಗುವಾಗ ಇಲ್ಲದ ನಾಚಿಕೆ ಇದಕ್ಕೇಕೆ?

ಏಳನ್ನೂ ಒಟ್ಟಿಗೆ ಹಿಡಿಯಬೇಡಿ. ಇವತ್ತು ಊಟವಾದ ಮೇಲೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಕುಳಿತು, ನಿಮ್ಮನ್ನು ಹೆಚ್ಚು ಕಾಡುವ ಒಂದೇ ಒಂದು ಚಿಂತೆ ಬರೆಯಿರಿ. ಅದರ ಕೆಳಗೆ, ನಾಳೆ ಬೆಳಿಗ್ಗೆ ಅದಕ್ಕಾಗಿ ಮಾಡಬಹುದಾದ ಒಂದು ಕೆಲಸ ಬರೆಯಿರಿ. ಆಮೇಲೆ ದೀಪ ಆರಿಸಿ ಮಲಗಿ.